ಬರಿಗಾಲು, ಬಟವಾಡೆ ಮತ್ತು ಅಹ್ಮದ್ ಖಾನ್

ಹತ್ತಕ್ಕೆ ಒಂದು. 1952ರ ಜುಲೈ 15ರಂದು ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಫುಟ್‌ಬಾಲ್ ತಂಡ ಭಾರತವನ್ನು ಸೋಲಿಸಿದ ಲೆಕ್ಕ ಇದು. ಎದುರಾಳಿ ತಂಡದ ಝೆಬೆಕ್ ಒಬ್ಬರೇ ನಾಲ್ಕು ಗೋಲು ಹೊಡೆದರು. ಪಂದ್ಯ ಮುಗಿಯಲು ಒಂದು ನಿಮಿಷ ಬಾಕಿ ಇದ್ದಾಗ ಭಾರತಕ್ಕೂ ಒಂದು ಗೋಲು ದಕ್ಕಿತು. ಆ ಪಂದ್ಯದಲ್ಲಿ ನಮ್ಮ ತಂಡದ ಅನೇಕರು ಬರಿಗಾಲಿನಲ್ಲಿ ಆಡಿದ್ದರು. ಸೋಲಿನ ಹೊಣೆಯೆಲ್ಲ ಆ ಬರಿಗಾಲಿನ ಮೇಲೆ ಬಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅದಾದ ಮೇಲೆ ಬೂಟು ಕಡ್ಡಾಯ ಮಾಡಿತು. ಭಾರತದ ಫುಟ್‌ಬಾಲಿನಲ್ಲಿ ಒಂದು ಯುಗ ಅಲ್ಲಿಗೆ ಮುಗಿಯಿತು.

ಭಾರತದ ಮರ್ಯಾದೆ ಅಷ್ಟಿಷ್ಟು ಉಳಿಸಿದ ಆ ಒಂದು ಗೋಲು ಹೊಡೆದವರು ಯಾರು? ಬೆಂಗಳೂರಿನ ಅಹ್ಮದ್ ಖಾನ್. ಆಗ ಅವರಿಗೆ 25 ವರ್ಷ. ದಾವಣಗೆರೆಯಲ್ಲಿ ಇಂದು ಈ ಹೆಸರು ಹೇಳಿದರೆ ‘ಯಾರಪ್ಪ ಅವರು?’ ಎಂದು ಕೇಳುವವರೇ ಹೆಚ್ಚು. ನಮ್ಮ ಹೈಸ್ಕೂಲ್ ಮೈದಾನದಲ್ಲಿ ಸಂಜೆ ಕಾಣುವುದು ಬ್ಯಾಟು, ವಿಕೆಟ್ಟು. ‘ದಾವಣಗೆರೆ ಎಕ್ಸ್‌ಪ್ರೆಸ್’ ವಿನಯ್ ಕುಮಾರ್ ಅವರನ್ನು ಕಂಡ ಊರಿಗೆ ಇದು ಸಹಜವೇ. ಆದರೆ ಕನ್ನಡ ನಾಡಿನ ಹುಡುಗನೊಬ್ಬ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡು ದೂರದ ಊರಿಗೆ ಹೋದದ್ದು, ಹೋದ ಕಡೆ ಜನ ಹೊತ್ತು ಮೆರೆಸಿದ್ದು, ಅದೇ ಹೊತ್ತಿಗೆ ‘ದುಡ್ಡಿಗೆ ಆಡುವವರು’ ಎಂಬ ಮಾತು ಅವರ ಗುಂಪಿನ ಬೆನ್ನಿಗೆ ಅಂಟಿದ್ದು ಕ್ರಿಕೆಟ್ಟಿನ ಹರಾಜಿಗಿಂತ ಬಹಳ ಹಿಂದಿನ ಕಥೆ.

ವಿವಾದದ ಆಟಗಾರ ಎಂದರೆ ಈಗ ನಮ್ಮ ಕಣ್ಣಿಗೆ ಕಟ್ಟುವ ಚಿತ್ರವೇ ಬೇರೆ. ತಡರಾತ್ರಿಯ ಪಾರ್ಟಿ, ರೆಫರಿ ಜೊತೆ ಕೈ ಮಿಲಾಯಿಸಿದ್ದು, ಪತ್ರಿಕಾಗೋಷ್ಠಿಯಲ್ಲಿ ನಾಲಿಗೆ ಸಡಿಲಬಿಟ್ಟದ್ದು ಇತ್ಯಾದಿ. ಅಹ್ಮದ್ ಖಾನ್ ಸುತ್ತ ಎದ್ದ ವಿವಾದಗಳಲ್ಲಿ ಇದಾವುದೂ ಇಲ್ಲ. ಅವರ ಕಾಲಿಗೆ ಬೂಟು ಇರಲಿಲ್ಲ, ಅವರು ಆಡುತ್ತಿದ್ದ ಕ್ಲಬ್ಬಿನ ಊರು ಅವರದಲ್ಲ, ಆಟದಿಂದ ಬದುಕುವುದು ಅಂದಿನ ಕಾಯಿದೆಗೆ ಒಪ್ಪಿಗೆ ಇರಲಿಲ್ಲ. ಈ ಮೂರರಲ್ಲಿ ಒಂದನ್ನೂ ಅವರು ಹುಟ್ಟುಹಾಕಿದ್ದಲ್ಲ.

ದಂಡಿನ ಹುಡುಗರು

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ. ಅಂದು ಆ ಊರು ಎರಡು ಊರು. ಪೇಟೆ ಮೈಸೂರು ಮಹಾರಾಜರದ್ದು, ದಂಡು ಬ್ರಿಟಿಷರದ್ದು. ಫುಟ್‌ಬಾಲ್ ಬೆಳೆದದ್ದು ದಂಡಿನಲ್ಲಿ. ಗೋರಾ ಸೈನಿಕರು ಪಲ್ಟನ್ ಪಲ್ಟನ್‌ಗಳ ನಡುವೆ ಪಂದ್ಯ ಕಟ್ಟುತ್ತಿದ್ದರು. ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದ ಸ್ಥಳೀಯ ಹುಡುಗರು ಬರಬರುತ್ತಾ ಅವರ ಎದುರೇ ಆಡತೊಡಗಿದರು. ಅಹ್ಮದ್ ಖಾನ್ ಅವರ ತಂದೆಯೂ ಫುಟ್‌ಬಾಲ್ ಆಟಗಾರರೇ. ಬೆಂಗಳೂರು ಕ್ರೆಸೆಂಟ್ಸ್ ತಂಡದ ಹೆಸರು ಆ ಮನೆಯಲ್ಲಿ ನಿತ್ಯದ ಮಾತು. ಹುಡುಗ ಚೆಂಡಿನ ಹಿಂದೆ ಓಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆ ಕಾಲದ ಬೆಂಗಳೂರು ಫುಟ್‌ಬಾಲಿನ ತಾಕತ್ತು ಎಷ್ಟಿತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಮುಂಬಯಿಯ ರೋವರ್ಸ್ ಕಪ್ ದೇಶದ ಅತ್ಯಂತ ಹಳೆಯ ಟೂರ್ನಿಗಳಲ್ಲಿ ಒಂದು. ದಶಕಗಳ ಕಾಲ ಅದು ಬ್ರಿಟಿಷ್ ಪಲ್ಟನ್‌ಗಳ ಸ್ವತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತಾದ್ದಲ್ಲ, ಮುಂಬಯಿಯದ್ದೂ ಅಲ್ಲ. 1937ರಲ್ಲಿ ಗೆದ್ದ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಅವರದ್ದೇ. 1948ರಲ್ಲಿ ಮತ್ತೊಮ್ಮೆ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಅಂದಿನ ಮೀಟರ್ ಗೇಜ್ ಗಾಡಿ ನಮ್ಮ ದಾವಣಗೆರೆ ನಿಲ್ದಾಣ ಮುಟ್ಟಿ, ಹರಿಹರದ ಬಳಿ ತುಂಗಭದ್ರೆ ದಾಟಿಯೇ ಮುಂದೆ ಸಾಗಬೇಕಿತ್ತು. ಹೊಳೆಯ ಆಚೆ ದಡಕ್ಕೆ ಮುಂಬಯಿ ಪ್ರಾಂತ್ಯ ಶುರು.

1946-47ರ ಸಾಲಿನಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ದೇಶದ ಪ್ರಾಂತ್ಯಗಳ ನಡುವಿನ ಅತಿ ದೊಡ್ಡ ಫುಟ್‌ಬಾಲ್ ಸ್ಪರ್ಧೆ ಅದು. ಬಂಗಾಳ ಎಂದರೆ ಫುಟ್‌ಬಾಲ್, ಫುಟ್‌ಬಾಲ್ ಎಂದರೆ ಬಂಗಾಳ ಎನ್ನುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ದಾವಣಗೆರೆ, ಹರಿಹರಗಳು ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳು. ಹಾಗಾಗಿ ಆ ಗೆಲುವಿನಲ್ಲಿ ಕಾಗದದ ಮೇಲಾದರೂ ನಮ್ಮದೊಂದು ಪಾಲಿದೆ ಎಂದರೆ ಬೆಂಗಳೂರಿನವರು ಮುನಿಸಿಕೊಳ್ಳಲಾರರು!

ಈಗ ಬರಿಗಾಲಿನ ವಿಷಯ. ಬಡತನಕ್ಕೇ ಬರಿಗಾಲು ಎಂದು ನಾವು ಸುಲಭವಾಗಿ ತೀರ್ಮಾನಿಸುತ್ತೇವೆ. ಬಡತನವೂ ಕಾರಣ ಹೌದು. ಆದರೆ ಅದು ಒಂದು ವಿದ್ಯೆಯೂ ಆಗಿತ್ತು. ಅಂದಿನ ಚೆಂಡು ದಪ್ಪ ಚರ್ಮದ್ದು, ಬಾಯಿಗೆ ದಾರ ಬಿಗಿದು ಹೊಲಿದದ್ದು. ಪಾದದ ಚರ್ಮಕ್ಕೆ ಚೆಂಡಿನ ತೂಕ, ಅದರ ತಿರುಗು ನೇರವಾಗಿ ತಿಳಿಯುತ್ತದೆ. ಹೆಬ್ಬೆರಳಿನ ಬುಡದಿಂದ ಚೆಂಡನ್ನು ಗೇಣು ದೂರ ಸರಿಸಿ, ಅಂಗಾಲಿನಿಂದ ಹಿಂದಕ್ಕೆಳೆದು, ಎದುರಾಳಿ ಕಾಲು ಹಾಕುವಷ್ಟರಲ್ಲಿ ಪಕ್ಕಕ್ಕೆ ಜಾರುವುದು ಬೂಟು ಹಾಕಿದವನಿಗೆ ಅಷ್ಟು ಸಲೀಸಲ್ಲ. ಹಿಮ್ಮಡಿ ಗಂಟಿಗೆ ಬಟ್ಟೆಯ ಪಟ್ಟಿ ಬಿಗಿದು ಆಡುವವರು ಎದುರಾಳಿಯ ಬೂಟಿನ ಮೊಳೆ ತಪ್ಪಿಸಿಕೊಳ್ಳಲು ಕಲಿಯಲೇಬೇಕಿತ್ತು. ಕಲಿತವನ ಮೈಯಲ್ಲಿ ಒಂದು ಬಳುಕು ಬರುತ್ತಿತ್ತು. 1911ರಲ್ಲಿ ಈಸ್ಟ್ ಯಾರ್ಕ್‌ಷೈರ್ ಪಲ್ಟನ್ನಿನ ವಿರುದ್ಧ ಶೀಲ್ಡ್ ಗೆದ್ದ ಮೋಹನ್ ಬಾಗಾನ್ ತಂಡವೂ ಬಹುತೇಕ ಬರಿಗಾಲಿನದ್ದೇ.

ಆದರೆ ಈ ವಿದ್ಯೆಗೆ ಒಂದು ಶತ್ರು ಇತ್ತು: ಮಳೆ. ನೀರು ಕುಡಿದ ಚರ್ಮದ ಚೆಂಡು ಕಲ್ಲಿನಂತಾಗುತ್ತದೆ. ಕೆಸರಿನಲ್ಲಿ ಬರಿಗಾಲು ಜಾರುತ್ತದೆ. ಇದನ್ನು ಮೊದಲು ಅರ್ಥ ಮಾಡಿಕೊಂಡದ್ದು ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಮಳೆ ಬಂದ ದಿನ ತನ್ನ ಆಟಗಾರರಿಗೆ ಬೂಟು ಹಾಕಿಸಿತು. ದೇಶದ ನಾನಾ ಕಡೆಯಿಂದ ಆಟಗಾರರನ್ನು ಕರೆತಂದಿತು. 1934ರಿಂದ 1938ರವರೆಗೆ ಸತತ ಐದು ಸಲ ಕಲ್ಕತ್ತಾ ಲೀಗ್ ಗೆದ್ದಿತು. ಬೂಟು ಮತ್ತು ಹೊರಗಿನ ಆಟಗಾರರು ಎಂಬ ಎರಡು ತಕರಾರುಗಳ ಬೀಜ ಇಲ್ಲಿದೆ. ಅಹ್ಮದ್ ಖಾನ್ ಆಗಿನ್ನೂ ಶಾಲೆ ವಯಸ್ಸಿನ ಹುಡುಗ.

ಲಂಡನ್ನಿನಲ್ಲಿ ಇಬ್ಬರು ಬೆಂಗಳೂರಿಗರು

1948ರ ಲಂಡನ್ ಒಲಿಂಪಿಕ್ಸ್‌ಗೆ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ತಂಡ ಹೊರಟಾಗ ಅದರಲ್ಲಿ ಮೈಸೂರಿನವರ ಸಂಖ್ಯೆ ಕಣ್ಣಿಗೆ ಹೊಡೆಯುವಷ್ಟಿತ್ತು. ಗೋಲ್‌ಕೀಪರ್ ವರದರಾಜ್, ಧನರಾಜ್, ಸಾರಂಗಪಾಣಿ ರಾಮನ್, ಅಹ್ಮದ್ ಖಾನ್. ನಾಯಕ ನಾಗಾ ನಾಡಿನ ವೈದ್ಯ ತಾಲಿಮೆರೆನ್ ಆವ್. ಜುಲೈ 31ರಂದು ಲಂಡನ್ ಬಳಿಯ ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ಎದುರು ಪಂದ್ಯ. ಭಾರತದ ಬಹುಪಾಲು ಆಟಗಾರರ ಕಾಲಲ್ಲಿ ಬೂಟಿಲ್ಲ. ನೋಡಲು ಬಂದ ಇಂಗ್ಲಿಷರಿಗೆ ಅದೇ ಒಂದು ತಮಾಷೆ.

ಆಟ ಶುರುವಾದ ಮೇಲೆ ಆ ತಮಾಷೆ ಉಳಿಯಲಿಲ್ಲ. ಫ್ರಾನ್ಸ್ ಮೊದಲ ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಫುಟ್‌ಬಾಲ್ ಗೋಲು ಬೆಂಗಳೂರಿನವರದ್ದು ಎಂಬುದನ್ನು ನಮ್ಮ ಶಾಲೆಯ ಸಾಮಾನ್ಯ ಜ್ಞಾನದ ಪುಸ್ತಕಗಳು ಯಾಕೋ ಹೇಳುವುದಿಲ್ಲ. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಈ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದ್ದವು. ಎರಡೂ ಹಾಳಾದವು. ಎರಡರಲ್ಲಿ ಒಂದು ಒಳಗೆ ಹೋಗಿದ್ದರೂ ಬರಿಗಾಲಿನ ಬಗ್ಗೆ ಆಮೇಲೆ ನಡೆದ ಚರ್ಚೆಯ ದಾರಿಯೇ ಬೇರೆಯಾಗುತ್ತಿತ್ತೇನೋ.

ಸೋತರೂ ಹೆಸರು ಬಂತು. ಎದುರಾಳಿಯ ಕಾಲುಗಳ ನಡುವೆ ಚೆಂಡನ್ನು ಹಾವಿನಂತೆ ಹರಿಸುತ್ತಿದ್ದ ಅಹ್ಮದ್ ಖಾನ್ ಅವರಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಭಾರತ ಎಂದರೆ ಹಾವಾಡಿಗರ ದೇಶ ಎಂಬ ಬಿಳಿಯರ ಹಳೆಯ ಕಲ್ಪನೆಯೂ ಆ ಹೆಸರಿನೊಳಗೆ ಸೇರಿಕೊಂಡಿದೆ ಎಂದು ನನಗೆ ಅನ್ನಿಸುತ್ತದೆ. ಆದರೆ ಅವರ ಅಭಿಮಾನಿಗಳು ಅದನ್ನು ಬಿರುದು ಎಂದೇ ತಿಳಿದರು. ಸಾಯುವ ತನಕ ಆ ಹೆಸರು ಅವರ ಜೊತೆಗಿತ್ತು.

ಅರ್ಧ ಹರ, ಅರ್ಧ ಹರಿ

1949ರಲ್ಲಿ ಅಹ್ಮದ್ ಖಾನ್ ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅವರನ್ನು ‘ವೃತ್ತಿಪರ’ ಎಂದು ಕರೆಯಬಹುದೇ ಎಂಬ ಪ್ರಶ್ನೆ ಇಲ್ಲಿಂದ ಆರಂಭ.

ಈಸ್ಟ್ ಬೆಂಗಾಲ್ 1920ರಲ್ಲಿ ಸ್ಥಾಪನೆಯಾದ ಕ್ಲಬ್. ಹೆಸರೇ ಹೇಳುವಂತೆ ಪೂರ್ವ ಬಂಗಾಳದ ಮೂಲದವರದ್ದು. 1947ರಲ್ಲಿ ದೇಶ ಒಡೆದು, ಪೂರ್ವ ಬಂಗಾಳ ಪಾಕಿಸ್ತಾನದ ಪಾಲಾದಾಗ ಮನೆ ಮಠ ಬಿಟ್ಟು ಕಲ್ಕತ್ತಾಕ್ಕೆ ಬಂದ ಲಕ್ಷಾಂತರ ನಿರಾಶ್ರಿತರಿಗೆ ಆ ಕ್ಲಬ್ಬಿನ ಹೆಸರೊಂದೇ ತವರಿನ ಗುರುತಾಗಿ ಉಳಿಯಿತು. ಎದುರಿಗೆ ಪಶ್ಚಿಮ ಬಂಗಾಳದವರ ಮೋಹನ್ ಬಾಗಾನ್. ಗೆಲ್ಲಬೇಕು ಎಂಬ ಹಟ ಎಷ್ಟಿದ್ದಿರಬೇಕು ಊಹಿಸಿ. ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹಾ ಒಳ್ಳೆಯ ಆಟಗಾರರಿಗಾಗಿ ದಕ್ಷಿಣದತ್ತ ಕಣ್ಣು ಹಾಯಿಸಿದರು. ಹೀಗೆ ಕೂಡಿದ ಐವರು ಮುನ್ನಡೆ ಆಟಗಾರರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಕಲ್ಕತ್ತಾದ ಜನ ಇವರನ್ನು ‘ಪಂಚ ಪಾಂಡವರು’ ಎಂದು ಕರೆದರು. ವಿಚಿತ್ರ ನೋಡಿ, ಬಂಗಾಳಿ ನಿರಾಶ್ರಿತರ ಅಭಿಮಾನ ಹೊತ್ತು ಮುನ್ನುಗ್ಗಿದ ಈ ಪಾಂಡವರಲ್ಲಿ ಬಂಗಾಳಿ ಒಬ್ಬರೂ ಇಲ್ಲ. ಅಹ್ಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನವರು, ಅಪ್ಪಾರಾವ್ ಆಂಧ್ರದವರು, ಸಾಲೆ ತಿರುವಾಂಕೂರಿನವರು.

ಬಂದ ವರ್ಷವೇ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರೂ ಈಸ್ಟ್ ಬೆಂಗಾಲಿಗೆ. ಶೀಲ್ಡ್ 1949, 50, 51 ಹೀಗೆ ಸತತ ಮೂರು ವರ್ಷ. 1951 ಮತ್ತು 52ರಲ್ಲಿ ಡ್ಯುರಾಂಡ್ ಕಪ್. ಗೆದ್ದಷ್ಟೂ ಗೊಣಗು ಹೆಚ್ಚಿತು. ‘ಇದು ಯಾವ ಬಂಗಾಳದ ತಂಡ? ಹೊರಗಿನವರನ್ನು ತಂದು ಗೆಲ್ಲುವುದೂ ಒಂದು ಗೆಲುವೇ?’ ಎಂಬುದು ಎದುರು ಪಾಳೆಯದ ಮಾತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: ಬೆಂಗಳೂರಿನ ಹುಡುಗ ಸಾವಿರಾರು ಮೈಲಿ ದೂರ ಬಂದು ಬರೀ ಪ್ರೀತಿಗೆ ಆಡುತ್ತಾನೆಯೇ?

ಪ್ರೀತಿಗೆ ಯಾರೂ ಆಡುತ್ತಿರಲಿಲ್ಲ. ಆದರೆ ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳೇ. ಅಂದಿನ ಭಾರತದಲ್ಲಿ ವೃತ್ತಿಪರ ಫುಟ್‌ಬಾಲ್ ಆಟಗಾರ ಎಂಬ ವರ್ಗವೇ ಇರಲಿಲ್ಲ. ಒಲಿಂಪಿಕ್ಸ್ ನಿಯಮ ಇನ್ನೂ ಬಿಗಿ. ಆಟಕ್ಕೆ ಸಂಬಳ ಪಡೆದವನಿಗೆ ಅಲ್ಲಿ ಜಾಗವಿಲ್ಲ. ಆದ್ದರಿಂದ ಕಲ್ಕತ್ತಾದಲ್ಲಿ ಒಂದು ಪದ್ಧತಿ ಬೆಳೆಯಿತು. ಆಟಗಾರನಿಗೆ ರೈಲ್ವೆ, ಬಂದರು ಅಥವಾ ಯಾವುದಾದರೂ ಕಂಪೆನಿಯಲ್ಲಿ ಒಂದು ನೌಕರಿ, ಇರಲು ಕ್ಲಬ್ಬಿನ ಮೆಸ್ಸು, ಜೊತೆಗೆ ‘ಕೈ ಖರ್ಚು’. ವರ್ಷಕ್ಕೊಮ್ಮೆ ಆಟಗಾರರು ಕ್ಲಬ್ ಬದಲಾಯಿಸುವ ಅವಧಿ ಬರುತ್ತಿತ್ತು. ಯಾರು ಯಾವ ಕ್ಲಬ್ಬಿಗೆ ಸಹಿ ಹಾಕುತ್ತಾರೆ ಎಂಬುದು ಊರಿಗೆ ಊರೇ ಮಾತಾಡುವ ಸುದ್ದಿ. ದುಡ್ಡು ಕೈ ಬದಲಾಗುತ್ತಿತ್ತು, ರಸೀದಿ ಇರುತ್ತಿರಲಿಲ್ಲ.

ಹರಿಹರದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಹೊಯ್ಸಳರ ಕಾಲದ ಹರಿಹರೇಶ್ವರ ಗುಡಿಯಲ್ಲಿ ಮೂರ್ತಿ ಒಂದೇ. ಅರ್ಧ ಹರ, ಅರ್ಧ ಹರಿ. ಅಂದಿನ ಫುಟ್‌ಬಾಲ್ ಆಟಗಾರನೂ ಹಾಗೆಯೇ. ಫೆಡರೇಷನ್ನಿನ ಕಡೆಯಿಂದ ನೋಡಿದರೆ ಹವ್ಯಾಸಿ, ಕ್ಲಬ್ಬಿನ ಕಡೆಯಿಂದ ನೋಡಿದರೆ ವೃತ್ತಿಪರ. ಗುಡಿಯ ಮೂರ್ತಿಗೆ ಎರಡೂ ಕಡೆಯ ಭಕ್ತರು ಕೈ ಮುಗಿದರು. ಆಟಗಾರನಿಗೆ ಮಾತ್ರ ಎರಡೂ ಕಡೆಯಿಂದ ಅನುಮಾನ.

ದಾವಣಗೆರೆಯವರಿಗೆ ಇನ್ನೊಂದು ಹೋಲಿಕೆ ಕೊಡಬಹುದು. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ಪಂದ್ಯ ಇದ್ದೇ ಇರುತ್ತದೆ. ಪೈಲ್ವಾನ ದೂರದೂರಿನಿಂದ ಬರುತ್ತಾನೆ. ಅವನ ಖುರಾಕಿನ ಖರ್ಚು ಯಾರೋ ಸಾಹುಕಾರರು ವಹಿಸಿರುತ್ತಾರೆ. ಗೆದ್ದರೆ ಬೆಳ್ಳಿ ಕಡಗ, ನಗದು. ‘ನೀನು ಹವ್ಯಾಸಿಯೋ ವೃತ್ತಿಪರನೋ?’ ಎಂದು ಅವನನ್ನು ಯಾರೂ ಕೇಳಿಲ್ಲ, ಕೇಳಿದರೆ ನಕ್ಕಾನು. ವಿದ್ಯೆ ಇದ್ದವನಿಗೆ ಊಟ ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. ಹವ್ಯಾಸಿ ಎಂಬ ಮಡಿ ಇಂಗ್ಲೆಂಡಿನ ಶ್ರೀಮಂತರ ಶಾಲೆಗಳಲ್ಲಿ ಹುಟ್ಟಿದ್ದು. ದುಡಿಯದೆ ತಿನ್ನಬಲ್ಲವರು ದುಡಿದು ತಿನ್ನುವವರನ್ನು ದೂರ ಇಡಲು ಮಾಡಿಕೊಂಡ ವ್ಯವಸ್ಥೆ ಅದು. ಇಂಗ್ಲೆಂಡ್ ಕೂಡ 1885ರಲ್ಲಿಯೇ ಫುಟ್‌ಬಾಲಿನಲ್ಲಿ ಸಂಬಳವನ್ನು ಕಾನೂನುಬದ್ಧಗೊಳಿಸಿತ್ತು. ಅಲ್ಲೂ ಸಂಬಳಕ್ಕೆ ಒಂದು ಮಿತಿ ಇತ್ತೆನ್ನಿ; ವಾರಕ್ಕೆ ಇಷ್ಟು ಪೌಂಡಿಗಿಂತ ಹೆಚ್ಚು ಕೊಡಬಾರದು ಎಂಬ ಆ ಕಟ್ಟಳೆ ತೆಗೆದುಹಾಕಿದ್ದು 1961ರಲ್ಲಿ. ನಾವು ಮಾತ್ರ ಅವರು ಬಿಟ್ಟ ಮಡಿಯನ್ನು ಎತ್ತಿಕೊಂಡು ಒದ್ದೆ ಬಟ್ಟೆಯಲ್ಲಿ ನಿಂತಿದ್ದೆವು.

ಇದರಿಂದ ಪೆಟ್ಟು ತಿಂದವನು ಆಟಗಾರ. ಗಿರಣಿ ಊರಿನವರಾದ ನಮಗೆ ಬಟವಾಡೆ ಎಂದರೇನು ಗೊತ್ತು. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಬಟವಾಡೆಯ ದಿನ ಕೂಲಿ ಕೇಳುವ ಹಕ್ಕಿದೆ, ಕೊಡದಿದ್ದರೆ ಜಗಳಕ್ಕೆ ಯೂನಿಯನ್ ಇದೆ, ಲೇಬರ್ ಕೋರ್ಟ್ ಇದೆ. ಗುಟ್ಟಾಗಿ ಕೊಡುವ ದುಡ್ಡಿಗೆ ಇದಾವುದೂ ಇಲ್ಲ. ಮಂಡಿ ಮುರಿದರೆ ಪರಿಹಾರ ಕೇಳುವ ಹಾಗಿಲ್ಲ, ಯಾಕೆಂದರೆ ನೀವು ಪ್ರೀತಿಗೆ ಆಡುವವರು! ಕೊಡುವವರು ಗೌರವಾನ್ವಿತರು, ಪಡೆದವನು ‘ದುಡ್ಡಿನ ಆಟಗಾರ’. ನನಗೆ ಈ ವಿವಾದದಲ್ಲಿ ಅತ್ಯಂತ ಅನ್ಯಾಯವಾಗಿ ಕಾಣುವುದು ಇದೇ.

ಅಹ್ಮದ್ ಖಾನ್ ವಿಷಯದಲ್ಲಂತೂ ಆ ಮಾತು ನಿಲ್ಲುವುದೇ ಇಲ್ಲ. ವರ್ಷವರ್ಷವೂ ಕ್ಲಬ್ ಬದಲಾಯಿಸಿ ಬೆಲೆ ಏರಿಸಿಕೊಳ್ಳುವ ಅವಕಾಶ ಇದ್ದ ಊರಿನಲ್ಲಿ ಅವರು 1949ರಿಂದ 1959ರವರೆಗೆ ಒಂದೇ ಕ್ಲಬ್ಬಿಗೆ ಆಡಿದರು. ಅದರ ನಾಯಕರೂ ಆದರು. 1953ರಲ್ಲಿ ಆ ಕ್ಲಬ್ಬಿನ ರುಮೇನಿಯಾ, ಸೋವಿಯತ್ ಒಕ್ಕೂಟದ ಪ್ರವಾಸವನ್ನೂ ಕಂಡ ಪೀಳಿಗೆ ಅವರದು. ‘ಬಾಡಿಗೆಯವರು’ ಎಂಬ ಮಾತು ಕೇಳಿದವರು ಹತ್ತು ವರ್ಷ ಒಂದೇ ಮನೆಯಲ್ಲಿ ಉಳಿದರು.

ಬೂಟಿನ ನೆಪ

ಈ ನಡುವೆ 1950ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಕಪ್. ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದದ್ದರಿಂದ ಭಾರತಕ್ಕೆ ಆಡದೆಯೇ ಅರ್ಹತೆ ಸಿಕ್ಕಿತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಹೆಸರೂ ಬಂತು. ಆದರೆ ಭಾರತ ಹೋಗಲಿಲ್ಲ. ‘ಬರಿಗಾಲಿನಲ್ಲಿ ಆಡಲು ಬಿಡುವುದಿಲ್ಲ ಎಂದು ಫಿಫಾ ಹೇಳಿತು, ಅದಕ್ಕೇ ಹೋಗಲಿಲ್ಲ’ ಎಂಬ ಕಥೆ ಎಷ್ಟು ಜನಪ್ರಿಯ ಎಂದರೆ ಇಂದಿಗೂ ಚಹಾದಂಗಡಿ ಚರ್ಚೆಯಲ್ಲಿ, ಕ್ವಿಜ್ ಸ್ಪರ್ಧೆಯಲ್ಲಿ ಅದು ಬರುತ್ತದೆ. ಫೆಡರೇಷನ್ ಅಂದು ಅಧಿಕೃತವಾಗಿ ಕೊಟ್ಟ ಕಾರಣ ಬೇರೆಯೇ: ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯದ ಅಭಾವ. ಅದಕ್ಕಿಂತ ದೊಡ್ಡ ಕಾರಣ, ಅಂದಿನ ಆಡಳಿತಗಾರರ ಕಣ್ಣಿಗೆ ಒಲಿಂಪಿಕ್ಸ್ ಒಂದೇ ದೊಡ್ಡದಾಗಿತ್ತು. 1948ರ ತಂಡದಲ್ಲಿದ್ದ ಶೈಲೇನ್ ಮನ್ನಾ ಅವರೇ ಮುಂದೆ ಬರಿಗಾಲಿನ ಕಥೆಯನ್ನು ಅಲ್ಲಗಳೆದರು. ಆದರೂ ಕಥೆ ಉಳಿಯಿತು. ಸಮಿತಿಯ ತಪ್ಪಿಗಿಂತ ಆಟಗಾರನ ಕಾಲು ತೋರಿಸುವುದು ಸುಲಭ.

ವಿಶ್ವಕಪ್ ಆಡಿದ್ದರೆ ಏನಾಗುತ್ತಿತ್ತು? ಇಟಲಿಯ ಎದುರು ದೊಡ್ಡ ಸೋಲೇ ಆಗುತ್ತಿತ್ತು ಎನ್ನುವವರಿದ್ದಾರೆ. ಇರಬಹುದು. ಆದರೆ ಆಗ ಅಹ್ಮದ್ ಖಾನ್‌ಗೆ 23 ವರ್ಷ. ಕಾಲಿನಲ್ಲಿ ವಿದ್ಯೆ ತುಂಬಿದ್ದ ವಯಸ್ಸು. ಆ ವಯಸ್ಸು ಅವರಿಗೆ ಎರಡನೇ ಸಲ ಬರಲಿಲ್ಲ.

ಮರುವರ್ಷ, 1951ರ ಮಾರ್ಚ್‌ನಲ್ಲಿ, ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ತರಬೇತುದಾರರು. ಭಾರತ ಇಂಡೋನೇಷ್ಯಾವನ್ನು 3-0, ಅಫ್ಘಾನಿಸ್ತಾನವನ್ನು 3-0 ಸೋಲಿಸಿತು. ಫೈನಲ್‌ನಲ್ಲಿ ಇರಾನ್ ಎದುರು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಚಿನ್ನ ಗೆದ್ದಿತು. ಚಿನ್ನ ಗೆದ್ದ ತಂಡದಲ್ಲಿ ಅಹ್ಮದ್ ಖಾನ್ ಇದ್ದರು, ವರದರಾಜ್ ಇದ್ದರು. ಅಂದು ಬರಿಗಾಲಿನ ಬಗ್ಗೆ ಯಾರೂ ಕೆಮ್ಮಲಿಲ್ಲ.

ಹದಿನಾರು ತಿಂಗಳು ಕಳೆದು ಹೆಲ್ಸಿಂಕಿ. ಹತ್ತು ಗೋಲಿನ ಸೋಲಿಗೆ ಬರಿಗಾಲು ಒಂದು ಕಾರಣ, ನಿಜ. ಚಳಿಯ ಊರು. ಪಾದ ಮರಗಟ್ಟಿದರೆ ಚೆಂಡಿನ ಮೇಲಿನ ಹಿಡಿತ ಹೋಗುತ್ತದೆ. ಆದರೆ ಎದುರಿಗಿದ್ದವರು ಯಾರು ಎಂದೂ ನೋಡಬೇಕು. ಅದೇ ಯುಗೊಸ್ಲಾವಿಯಾ ಮುಂದಿನ ಪಂದ್ಯದಲ್ಲಿ ಸೋವಿಯತ್ ಒಕ್ಕೂಟದೊಂದಿಗೆ 5-5ರ ಸಮ ಸಾಧಿಸಿ, ಮರುಪಂದ್ಯದಲ್ಲಿ 3-1ರಿಂದ ಗೆದ್ದು, ಫೈನಲ್‌ವರೆಗೆ ಹೋಗಿ ಹಂಗೇರಿಯ ಎದುರು 2-0ಯಿಂದ ಸೋತು ಬೆಳ್ಳಿ ಪಡೆಯಿತು. ಹಂಗೇರಿಯ ಪುಷ್ಕಾಶ್ ಹೆಸರಿಗೆ ಸೈನ್ಯದ ನೌಕರ, ಕೆಲಸ ಫುಟ್‌ಬಾಲ್. ಕಮ್ಯುನಿಸ್ಟ್ ದೇಶಗಳಲ್ಲಿ ಸರ್ಕಾರವೇ ಸಂಬಳ ಕೊಟ್ಟು ವರ್ಷಪೂರ್ತಿ ಆಡಿಸಿ, ಒಲಿಂಪಿಕ್ಸ್‌ಗೆ ‘ಹವ್ಯಾಸಿ’ ಎಂದು ಬರೆದು ಕಳಿಸುತ್ತಿತ್ತು. ಅಂದರೆ ಹೆಲ್ಸಿಂಕಿಯಲ್ಲಿ ಎದುರಾದದ್ದು ಬೂಟು ಮತ್ತು ಬರಿಗಾಲು ಮಾತ್ರವಲ್ಲ. ಒಂದು ಕಡೆ ಆಟವನ್ನೇ ನೌಕರಿ ಮಾಡಿದ ವ್ಯವಸ್ಥೆ. ಇನ್ನೊಂದು ಕಡೆ ಆಟಗಾರನಿಗೆ ಗುಟ್ಟಾಗಿ ಕೈ ಖರ್ಚು ಕೊಟ್ಟು ಮೇಲಿಂದ ಮಡಿ ಮಾತಾಡುವ ವ್ಯವಸ್ಥೆ. ನಾವು ಬದಲಾಯಿಸಿದ್ದು ಬೂಟನ್ನು ಮಾತ್ರ.

ಬೂಟು ಬಂದದ್ದರಿಂದ ಒಳ್ಳೆಯದೇ ಆಯಿತು, ಅದನ್ನು ಒಪ್ಪಬೇಕು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬೂಟು ತೊಟ್ಟ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನ ಪಡೆಯಿತು. ನಮ್ಮ ಕಡೆಯ ಕೆಂಪಯ್ಯ ಆ ತಂಡದಲ್ಲಿದ್ದರು. ಅಹ್ಮದ್ ಖಾನ್ ಇರಲಿಲ್ಲ. ಆ ಹೊತ್ತಿಗೆ ಅವರ ಅಂತರರಾಷ್ಟ್ರೀಯ ಆಟ ಮುಗಿಯುತ್ತಾ ಬಂದಿತ್ತು, ಕಲ್ಕತ್ತಾದ ಮೈದಾನದಲ್ಲಿ ಮಾತ್ರ ಇನ್ನೂ ಮೂರು ವರ್ಷ ಆಡಿದರು.

ಫಗ್ವಾಡಾದ ಗಿರಣಿ ತಂಡ

ಒಪ್ಪಂದ ಪತ್ರದ ಮೇಲೆ ರಾಜಾರೋಷವಾಗಿ ಸಹಿ ಹಾಕುವ ಭಾರತೀಯ ಫುಟ್‌ಬಾಲ್ ಆಟಗಾರ ಬರಲು 1990ರ ದಶಕವೇ ಬರಬೇಕಾಯಿತು. ಆ ಪೀಳಿಗೆಯಲ್ಲೂ ಬೆಂಗಳೂರಿನವರೊಬ್ಬರು ಮುಂಚೂಣಿಯಲ್ಲಿದ್ದರು: 1971ರಲ್ಲಿ ಹುಟ್ಟಿದ ಕಾರ್ಲ್‌ಟನ್ ಚಾಪ್ಮನ್. ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು, 1993ರಲ್ಲಿ ಅದೇ ಈಸ್ಟ್ ಬೆಂಗಾಲ್ ಸೇರಿದರು. ಬಂದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ಎದುರು ಮೂರು ಗೋಲು ಹೊಡೆದರು. ಈಸ್ಟ್ ಬೆಂಗಾಲ್ ಆ ಪಂದ್ಯವನ್ನು 6-2ರಿಂದ ಗೆದ್ದಿತು. ಎರಡು ವರ್ಷದ ಬಳಿಕ ಅವರು ಪಂಜಾಬಿನ ಫಗ್ವಾಡಾದ ಜೆಸಿಟಿ ತಂಡಕ್ಕೆ ಹೋದರು. ಜೆಸಿಟಿ ಎಂದರೆ ಜಗತ್‌ಜಿತ್ ಕಾಟನ್ ಟೆಕ್ಸ್‌ಟೈಲ್, ಬಟ್ಟೆ ಗಿರಣಿ! ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ, ಚಾಪ್ಮನ್ ಇದ್ದ ಆ ತಂಡ 1996-97ರಲ್ಲಿ ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದಿತು. ನಮ್ಮ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲವೂ ಹೆಚ್ಚು ಕಡಿಮೆ ಅದೇ.

ಚಾಪ್ಮನ್ ಕ್ಲಬ್ ಬದಲಾಯಿಸಿದಾಗ ‘ದುಡ್ಡಿನ ಆಟಗಾರ’ ಎಂದು ಮೂಗು ಮುರಿಯುವ ಕಾಲ ಕಳೆದಿತ್ತು. ಒಲಿಂಪಿಕ್ಸ್ ಸಮಿತಿಯೇ 1980ರ ದಶಕದಲ್ಲಿ ವೃತ್ತಿಪರರಿಗೆ ಬಾಗಿಲು ತೆರೆದಿತ್ತು. ಆದರೆ ಬಟವಾಡೆಯ ಸಮಸ್ಯೆ ತೀರಿರಲಿಲ್ಲ. ಜೆಸಿಟಿ ಬಿಟ್ಟು ಅವರು ಸೇರಿದ ಎಫ್‌ಸಿ ಕೊಚ್ಚಿನ್ 1997ರಲ್ಲಿ ಹುಟ್ಟಿ, ಆ ವರ್ಷವೇ ಡ್ಯುರಾಂಡ್ ಕಪ್ ಗೆದ್ದು ಕೇರಳವನ್ನು ಕುಣಿಸಿದ ಕ್ಲಬ್. ಕೆಲವೇ ವರ್ಷಗಳಲ್ಲಿ ಆಟಗಾರರ ಸಂಬಳ ಕೊಡಲಾಗದೆ ಅದು ಮುಚ್ಚಿತು. ಚಾಪ್ಮನ್ ಅಷ್ಟರೊಳಗೆ, 1998ರಲ್ಲಿಯೇ, ಈಸ್ಟ್ ಬೆಂಗಾಲಿಗೆ ಮರಳಿದ್ದರು. 2001ರಲ್ಲಿ ಅವರ ನಾಯಕತ್ವದಲ್ಲಿ ಆ ಕ್ಲಬ್ ರಾಷ್ಟ್ರೀಯ ಲೀಗ್ ಗೆದ್ದಿತು. ಅದೇ ವರ್ಷ ಅವರು ಆಟ ನಿಲ್ಲಿಸಿದರು. ಫಗ್ವಾಡಾದ ಗಿರಣಿಯೂ 2011ರಲ್ಲಿ ತನ್ನ ತಂಡವನ್ನು ವಿಸರ್ಜಿಸಿತು.

ಅಹ್ಮದ್ ಖಾನ್ ಆಟ ಬಿಟ್ಟ ಮೇಲೂ ದೀರ್ಘ ಕಾಲ ಬದುಕಿದರು. 2017ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ 90 ವರ್ಷವಾಗಿತ್ತು. ಚಾಪ್ಮನ್ 2020ರ ಅಕ್ಟೋಬರ್ 12ರಂದು ಅದೇ ಊರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಅವರಿಗೆ ಇನ್ನೂ 49. ಮೈಸೂರು ಹೆಸರಿನಲ್ಲಿ 1968-69ರಲ್ಲಿ ಕಡೆಯ ಬಾರಿ ಗೆದ್ದಿದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ 54 ವರ್ಷಗಳ ನಂತರ, 2023ರ ಮಾರ್ಚ್ 4ರಂದು, ಮೇಘಾಲಯದ ಎದುರು 3-2ರಿಂದ ಗೆದ್ದಿತು. ಆ ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ.